ತಡೆಮನೆಯ ಅಗುಳಿ

ಯಾವ ಕೆಲಸಕ್ಕೆಂದು ಕಟ್ಟಿದ್ದೋ ಆ ಕೆಲಸ ನಡೆಯುವ ತನಕ ಕಟ್ಟಡಕ್ಕೆ ಆಯುಸ್ಸು. ಒಂದು ದಿನ ಕೆಲಸ ತಪ್ಪಿತೋ, ಕಲ್ಲು ಬಂದರಿನ ಪಾಲು. ಆ ಊರಿನ ಕಾಯಿದೆ ಇಷ್ಟೇ. ಇಷ್ಟು ಚಿಕ್ಕದಾಗಿದ್ದುದರಿಂದಲೇ ಅದರಲ್ಲಿ ನುಸುಳಲು ಸಂದಿ ಇರಲಿಲ್ಲ.

ಕಾಯಿದೆ ಮಾಡಿದವರು ಯಾರು ಎಂದು ಕೇಳಬೇಡಿ, ಊರಿನವರೂ ಕೇಳಿದ್ದಿಲ್ಲ. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಅದಿರಿನ ಕೆಂಪು ಧೂಳು ಹೆಂಚಿನ ಮಾಡಿನ ಮೇಲೆ, ಮರದ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಇಳಿಯುತ್ತಿತ್ತು. ಆ ಧೂಳಿನೊಳಗೆ ಹಳೆಯ ಕಟ್ಟಡಗಳು ಒಂದೊಂದಾಗಿ ತಮ್ಮ ಕೆಲಸಕ್ಕೆ ಏಳುತ್ತಿದ್ದವು. ಹಗ್ಗದ ಮನೆಯಲ್ಲಿ ತೆಂಗಿನ ನಾರನ್ನು ಹೊಸೆದು ಹಗ್ಗ ಮಾಡುತ್ತಿದ್ದರು. ಹಾಯಿ ಹಡಗುಗಳೇ ಇಲ್ಲದ ಕಾಲ, ಹಗ್ಗ ಯಾರಿಗೂ ಬೇಡ, ಆದ್ದರಿಂದ ಸಂಜೆ ಅದನ್ನೇ ಬಿಚ್ಚಿ ನಾರು ಮಾಡುತ್ತಿದ್ದರು. ಮಂಜುಗಡ್ಡೆಯ ಮನೆಯಲ್ಲಿ ಮರದ ಹೊಟ್ಟಿನ ನಡುವೆ ಒಂದು ಗಡ್ಡೆ ಇಟ್ಟು ಅದು ಕರಗುವುದನ್ನು ಕಾಯುತ್ತಿದ್ದರು. ತೂಕದ ಮನೆಯಲ್ಲಿ ಮರಳಿನ ಮೂಟೆಯನ್ನು ತಕ್ಕಡಿಗೆ ಏರಿಸಿ, ತೂಕವನ್ನು ಬೀದಿಗೆ ಕೇಳುವ ಹಾಗೆ ಕೂಗಿ, ಇಳಿಸುತ್ತಿದ್ದರು. ಕೂಗಿದ್ದು ಯಾರಿಗೆ ಎಂದು ಕೇಳುವವರಿರಲಿಲ್ಲ. ಮನೆ ನಿಂತಿತ್ತು, ಸಾಕು.

ಕೆಲಸ ನಡೆಯಿತೋ ಇಲ್ಲವೋ ಎಂದು ಹೇಳಲು ಒಬ್ಬನಿದ್ದ. ಅವನನ್ನು ನೋಡುವವನು ಎಂದು ಕರೆಯುತ್ತಿದ್ದರು. ಅವನು ಪ್ರತಿ ಬಾಗಿಲಿನ ಮುಂದೆ ನಿಲ್ಲಬೇಕು, ಕಣ್ಣಾರೆ ನೋಡಬೇಕು, ಒಂದು ಮಾತು ಹೇಳಬೇಕು. ‘ನಡೆದಿದೆ’ ಎಂದರೆ ಮನೆಗೆ ಇನ್ನೊಂದು ದಿನ. ‘ನಡೆದಿಲ್ಲ’ ಎಂದರೆ ಬಂದರಿನ ಕ್ರೇನು ಕೊಕ್ಕೆ ಇಳಿಸುತ್ತಿತ್ತು. ಕಂಬ, ಕಮಾನು, ಅಡಿಗಲ್ಲು ಎಲ್ಲ ಅಲೆ ತಡೆಯುವ ಒಡ್ಡಿಗೆಂದು ಕಡಲಿಗೆ ಬೀಳುತ್ತಿದ್ದವು. ಅವನಿಗೂ ಎರಡು ಕಟ್ಟಳೆ ಇದ್ದವು. ಒಂದು, ಕೈ ತಾಗಿಸಬಾರದು. ತಾನೇ ಕೈ ಹಾಕಿದ ಕೆಲಸಕ್ಕೆ ತಾನೇ ಸಾಕ್ಷಿಯಾಗುವುದುಂಟೆ? ಇನ್ನೊಂದು, ಸುಳ್ಳು ನುಡಿದ ನೋಡುವವನಿಗೆ ಮತ್ತೆ ಮಾತಿಲ್ಲ.

ಈ ನೋಡುವವನು ಬಹಳ ಬಿಗಿ ಮನುಷ್ಯ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಊರು ಸುತ್ತುತ್ತಿದ್ದ. ಒಮ್ಮೆ ತೂಕದ ಮನೆಯ ಮುದುಕ ಮೂಟೆಯ ಸಮೇತ ಮೆಟ್ಟಿಲಲ್ಲಿ ಜಾರಿದಾಗಲೂ ಇವನ ಕೈ ಬೆನ್ನಿನಿಂದ ಮುಂದೆ ಬರಲಿಲ್ಲ. ಮುದುಕ ತಾನಾಗಿ ಎದ್ದು, ಕುಂಟುತ್ತ ಮೂಟೆಯನ್ನು ತಕ್ಕಡಿಗೇರಿಸಿದ ಮೇಲೆ ‘ನಡೆದಿದೆ’ ಎಂದ, ಹೋದ. ಉಪ್ಪಿನ ಮನೆಯವರು ಉಪ್ಪು ಸಾಲದೆ ಮರಳು ಅಳೆದಾಗ ‘ನಡೆದಿಲ್ಲ’ ಎಂದ. ತೂಕದ ಮನೆಯಲ್ಲಿ ಮರಳು ನಡೆಯುತ್ತದಲ್ಲ ಎಂದು ಅವರು ಕಾಲು ಹಿಡಿದರು. “ತೂಗುವವನಿಗೆ ಮರಳಾದರೂ ತೂಕವೇ. ಉಪ್ಪಿನವನಿಗೆ ಮರಳು ಉಪ್ಪಲ್ಲ” ಎಂದ. ಉಪ್ಪಿನ ಮನೆ ಸಂಜೆಯೊಳಗೆ ಕಡಲಲ್ಲಿತ್ತು. ಅಂದಿನಿಂದ ಜನ ಅವನನ್ನು ಬಯ್ದರು. ಬಯ್ಯುತ್ತಲೇ ತಮ್ಮ ತಮ್ಮ ಮನೆಗಳ ಕೆಲಸವನ್ನು ನೆಟ್ಟಗೆ ಮಾಡಿದರು.

ಎಲ್ಲದರಲ್ಲೂ ಹಳೆಯದು, ಎಲ್ಲದರಲ್ಲೂ ಚಂದದ್ದು ತಡೆಮನೆ. ಹಡಗು ತಂಗುತ್ತಿದ್ದ ಹಳೆಯ ಧಕ್ಕೆಯ ತುದಿಯಲ್ಲಿ, ಕಡಲಿಗೆ ಮುಖ ಮಾಡಿ, ಮುರಕಲ್ಲಿನ ಕಮಾನುಗಳ ಮೇಲೆ ನಿಂತಿತ್ತು. ಊರಿನ ಬೆಂಕಿಪೊಟ್ಟಣದ ಮೇಲೆ ಅದರದ್ದೇ ಚಿತ್ರ. ಕಡಲಿನಿಂದ ಜ್ವರ ಬರುತ್ತಿದ್ದ ಕಾಲದಲ್ಲಿ ಕಟ್ಟಿದ ಮನೆ ಅದು. ಹಡಗಿನಿಂದ ಇಳಿದವನು ನೇರ ಊರೊಳಗೆ ಕಾಲಿಡುವ ಹಾಗಿರಲಿಲ್ಲ. ತಡೆಮನೆಯೊಳಗೆ ಹೋಗಬೇಕು, ಹೊರಗಿನಿಂದ ಅಗುಳಿ ಬೀಳುತ್ತದೆ, ಮನೆ ಕಾಯುವ ಅಕ್ಕ ಕಿಟಕಿಯ ಸರಳಿನಿಂದ ಅವನ ಕಣ್ಣು ನೋಡುತ್ತಾಳೆ, ನಾಲಿಗೆ ನೋಡುತ್ತಾಳೆ. ನಡುಹಗಲಾಗಿ ನೆರಳು ಕಾಲಡಿಗೆ ಬಂದಾಗ ಅಗುಳಿ ತೆಗೆದು, ಗಂಜಿ ಕೊಟ್ಟು, ಹೋಗಪ್ಪ ಎನ್ನುತ್ತಾಳೆ. ಊರಿನ ದೊಡ್ಡವರಿಗೂ ಚಿಕ್ಕವರಿಗೂ ಅವಳು ಅಕ್ಕ. ಆ ಮನೆಯ ಮೂಲೆಯಲ್ಲೇ ಹುಟ್ಟಿದವಳು; ಬೇರೆ ಮಾಡು ಅವಳಿಗೆ ಗೊತ್ತಿರಲಿಲ್ಲ.

ಈಗ ಹಡಗುಗಳು ದೂರದಲ್ಲೇ ನಿಂತು ಯಂತ್ರದ ಬಾಯಿಂದ ಅದಿರು ತುಂಬಿಕೊಂಡು ಹೋಗುತ್ತಿದ್ದವು. ಇಳಿಯುವವರಿರಲಿಲ್ಲ. ಆದ್ದರಿಂದ ಊರಿನವನೇ ಒಬ್ಬ ದೋಣಿ ಹತ್ತಿ, ಬಂಡೆ ಸುತ್ತಿ, ಕಡಲಿನಿಂದ ಬಂದವನಾಗಿ ಇಳಿಯುವುದು ರೂಢಿಯಾಗಿತ್ತು. ಹಿಂದಿನ ನೋಡುವವರು ಅದನ್ನು ಒಪ್ಪಿದ್ದರು. ಇವನೂ ಒಪ್ಪಿಕೊಂಡು ಬಂದಿದ್ದ. ಒಂದು ಬೆಳಿಗ್ಗೆ, ಹಗ್ಗದ ಮನೆಯಲ್ಲಿ ನಾರು ಹೊಸೆಯುವ ಹಗ್ಗದವನ ಸರದಿ. ಅವನು ಊರಿಗೆಲ್ಲ ನಾಲಿಗೆ ಚುರುಕಿನವನು. ಮುಖದ ತನಕ ಕಂಬಳಿ ಹೊದ್ದು, ನಡುಗುವವನ ಹಾಗೆ ಇಳಿದ. ಜನ ಆಗಲೇ ಮುಸಿಮುಸಿ ನಗುತ್ತಿದ್ದರು.

“ಯಾರು?” ಎಂದ ನೋಡುವವನು.

“ಬಂದವನು.”

“ಎಲ್ಲಿಂದ?”

“ಕಡಲಿನ ಆಚೆಯಿಂದ. ನಮ್ಮ ಕಡೆ ಊಟಕ್ಕೆ ಮೊಸಳೆ, ಹಲ್ಲು ತಿಕ್ಕಲಿಕ್ಕೆ ಅದರ ಬಾಲ.”

“ನಿನ್ನ ತಲೆಯಲ್ಲಿ ತೆಂಗಿನ ನಾರು ಉಂಟು.”

“ಕಡಲಲ್ಲಿ ನಾರು ಇರಬಾರದು ಅಂತ ಕಾಯಿದೆ ಉಂಟಾ ಅಣ್ಣಾ?”

ಧಕ್ಕೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಕೂಡ ಸೆರಗು ಬಾಯಿಗೆ ಒತ್ತಿಕೊಂಡಳು. ನೋಡುವವನು ನಗು ಮುಗಿಯುವ ತನಕ ಕಾದ.

“ಇವತ್ತಿನದು ನಡೆದಿದೆ. ರೂಢಿಯನ್ನು ಹೇಳದೆ ಮುರಿಯುವವನು ನಾನಲ್ಲ. ಈಗ ಹೇಳುತ್ತೇನೆ. ನಾಳೆಯಿಂದ ಬಂದವನೇ ಬೇಕು. ಹೋಗಿ ಬಂದವನಲ್ಲ, ಬಂದವನು.”

ನಗು ಅಲ್ಲಿಗೇ ಒಣಗಿತು. ಧಕ್ಕೆಯ ಆ ಬದಿಯಲ್ಲಿ, ಕ್ರೇನಿನ ಬುಡದಲ್ಲಿ, ಬಿದ್ದ ಮನೆಗಳ ಕಲ್ಲಿಗೆ ಕಾಯುವ ಬಂದರಿನವನು ನಿಂತಿದ್ದ. ಬಿಳಿ ಬಟ್ಟೆಯ, ಮೆಲುದನಿಯ ಮನುಷ್ಯ. ಪ್ರತಿ ದಿನವೂ ಬಂದು ನಿಲ್ಲುತ್ತಿದ್ದ, ಕೇಳಿಸಿಕೊಂಡು ಹೋಗುತ್ತಿದ್ದ. “ನನಗೇನೂ ಅವಸರ ಇಲ್ಲ” ಎಂದು ಯಾರೂ ಕೇಳದಿದ್ದರೂ ಹೇಳಿದ.

ಮರುದಿನ ಬೆಳಿಗ್ಗೆ ಊರಿಗೆ ಊರೇ ಕಡಲ ಕಡೆ ನೋಡುತ್ತ ನಿಂತಿತ್ತು. ನೋಡುವವನು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಒಂದು ಸಣ್ಣ ದೋಣಿ ಬಂತು. ಹೊರಗೆ ಎಂಜಿನು ಕೆಟ್ಟು ನಿಂತಿದ್ದ ಹಡಗಿನ ಖಲಾಸಿ. ಹೊಗೆಸೊಪ್ಪು ಮುಗಿದಿತ್ತು ಎಂದು ಬಂದಿದ್ದ. ಅವನ ಕಾಲು ಕಲ್ಲಿಗೆ ತಾಗುವ ಮುಂಚೆ ಜನ ಅವನನ್ನು ಎತ್ತಿಕೊಂಡರು. ಹಾರ ಹಾಕಿದರು. ಒಳಗೆ ಕೂರಿಸಿದರು. ಅಗುಳಿ ಬಿತ್ತು. ನೋಡುವವನು ಸರಳಿನ ಮೂಲಕ ನೋಡಿದ: ಉಪ್ಪು ಹಿಡಿದ ಅಂಗಿ, ಬೇರೆ ಕಡಲಿನ ಬಣ್ಣದ ಮುಖ. ಸಂಶಯವಿಲ್ಲ, ಬಂದವನು. “ನಡೆದಿದೆ” ಎಂದ. ಅಷ್ಟು ನಿಜವಾದ ‘ನಡೆದಿದೆ’ಯನ್ನು ಅವನು ಬಹಳ ಕಾಲದಿಂದ ಹೇಳಿರಲಿಲ್ಲ. ಬೆನ್ನ ಹಿಂದಿನ ಬೆರಳುಗಳು ತಾವಾಗಿಯೇ ಹಗುರಾದವು.

ನೆರಳು ಕಾಲಡಿಗೆ ಬಂತು. ಅಕ್ಕ ಅಗುಳಿಯ ಮೇಲೆ ಕೈ ಇಟ್ಟಳು.

“ಅಕ್ಕಾ,” ಎಂದ ಹಗ್ಗದವನು, “ನಾಳೆಗೆ ಯಾರು?”

ಅಕ್ಕನ ಕೈ ಅಲ್ಲೇ ನಿಂತಿತು. ಯಾರೂ ತೆಗೆಯಬೇಡ ಎನ್ನಲಿಲ್ಲ. ತೆಗೆ ಎಂದೂ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಗಂಜಿಯ ಬಟ್ಟಲನ್ನು ಸರಳಿನ ಸಂದಿಯಿಂದ ಒಳಗೆ ಸರಿಸಿದಳು.

ತಡೆಮನೆಗೆ ಒಳ್ಳೆಯ ಕಾಲ ಬಂತು. ಕಮಾನುಗಳಿಗೆ ಸುಣ್ಣ ಬಿತ್ತು. ಮಾಡಿನ ಒಡೆದ ಹೆಂಚು ಹೋಗಿ ಹೊಸ ಹೆಂಚು ಬಂತು. ಹೆಂಗಸರು ಖಲಾಸಿಗೆ ಮೀನು ಸಾರು ತಂದರು, ಹಬ್ಬದ ದಿನ ಪಾಯಸ ತಂದರು; ಅವನು ಉಂಡನೋ ಎಂದು ವಿಚಾರಿಸಿದರು, ಉಂಡ ಎಂದು ಸಂತೋಷಪಟ್ಟರು. ನೋಡುವವನು ದಿನಾ ಬಂದ, ದಿನಾ ನೋಡಿದ.

ಮೊದಮೊದಲು ಖಲಾಸಿ ತಮಾಷೆ ಮಾಡುತ್ತಿದ್ದ. “ಅಯ್ಯಾ, ನಿಮ್ಮೂರಲ್ಲಿ ಹೊಗೆಸೊಪ್ಪು ಕೇಳಿದವನಿಗೇ ಇಷ್ಟು ಮರ್ಯಾದೆ ಆದರೆ, ಹೆಣ್ಣು ಕೇಳಿದವನಿಗೆ ಏನು ಮಾಡ್ತೀರಿ?”

“ನಡೆದಿದೆ.”

ಆಮೇಲೆ ತಮಾಷೆ ನಿಂತಿತು. “ಹಡಗು ರಿಪೇರಿ ಆಗ್ತಾ ಉಂಟು. ಸರಿಯಾದ ದಿನ ಮೂರು ಸಲ ಕೂಗ್ತದೆ, ಹೊರಡ್ತದೆ. ಒಬ್ಬ ಖಲಾಸಿಗೋಸ್ಕರ ಹಡಗು ಕಾಯುವುದಿಲ್ಲ ಅಯ್ಯಾ. ಅದು ನಮ್ಮೂರ ಕಡೆ ಹೋಗುವ ಕೊನೆಯ ಹಡಗು, ಮುಂದೆ ಮಳೆಗಾಲ. ನನ್ನ ಹೆಂಡತಿಗೆ ದಿನ ತುಂಬ್ತಾ ಬಂದಿದೆ. ಮನೆಯಲ್ಲಿ ಮತ್ತೆ ಯಾರೂ ಇಲ್ಲ.”

“ನಡೆದಿದೆ.”

“ಎಂತ ನಡೆದಿದೆ?” ಎಂದು ಖಲಾಸಿ ಸರಳು ಹಿಡಿದು ಕಿರುಚಿದ. “ಹೇಳಿ ಅಯ್ಯಾ, ಎಂತ ನಡೆದಿದೆ?”

ನೋಡುವವನು ಆಗಲೇ ಮುಂದಿನ ಬಾಗಿಲಿಗೆ ಹೊರಟಿದ್ದ. ಆದರೆ ಆ ಪ್ರಶ್ನೆ ಅವನ ಜೊತೆ ಹೊರಟಿತು. ಮಂಜುಗಡ್ಡೆಯ ಮನೆಯಲ್ಲಿ ಕರಗುವ ಗಡ್ಡೆಯ ಮುಂದೆ ನಿಂತಾಗ ಕೇಳಿಸಿತು. ತೂಕದ ಕೂಗಿನ ನಡುವೆ ಕೇಳಿಸಿತು. ಊಟಕ್ಕೆ ಕೂತಾಗ ಕೇಳಿಸಿತು. ಪ್ರಶ್ನೆ ಸರಿಯಾದುದು; ಉತ್ತರ ಹೇಳದೆ ಬಿಡುವುದು ಅವನಂಥವನಿಗೆ ಸಲ್ಲದು.

ಒಂದು ಬೆಳಿಗ್ಗೆ ಅವನು ಹಗ್ಗದ ಮನೆಯಿಂದ ಹೊರಬರುತ್ತಿದ್ದಾಗ ಹಡಗು ಒಮ್ಮೆ ಕೂಗಿತು. ಕೂಗು ಧೂಳನ್ನು ಸೀಳಿಕೊಂಡು ಬಂತು. ಅವನು ಉಳಿದ ಮನೆಗಳನ್ನು ಬಿಡಲಿಲ್ಲ, ಒಂದೊಂದರ ಮುಂದೆಯೂ ನಿಂತ, ನೋಡಿದ, ಹೇಳಿದ. ಆದರೆ ಅವನ ನಡಿಗೆ ಓಟಕ್ಕೆ ಹತ್ತಿರವಾಗಿತ್ತು. ತಡೆಮನೆ ತಲುಪುವಷ್ಟರಲ್ಲಿ ಜನ ಸೇರಿದ್ದರು. ಒಳಗಿನಿಂದ ಬಾಗಿಲು ಗುದ್ದುವ ಸದ್ದು ನಿಲ್ಲದೆ ಬರುತ್ತಿತ್ತು. ಕ್ರೇನಿನ ಬುಡದಲ್ಲಿ ಬಂದರಿನವನು.

“ಬೇಗ ನೋಡಿ ಹೇಳಿಬಿಡು ಅಣ್ಣಾ,” ಎಂದ ಹಗ್ಗದವನು. “ಹಡಗು ಹೋದ ಮೇಲೆ ಅವನೂ ತಣ್ಣಗಾಗ್ತಾನೆ. ಊರಲ್ಲೊಂದು ಹೆಣ್ಣು ನೋಡಿ ಕೊಡುವಾ ಬೇಕಾದ್ರೆ.”

ನೋಡುವವನು ಅಕ್ಕನ ಕಡೆ ತಿರುಗಿದ. ಮನೆ ಕಾಯುವವಳನ್ನು ಅವನು ಅಲ್ಲಿಯವರೆಗೆ ಒಂದು ಮಾತೂ ಕೇಳಿದ್ದಿಲ್ಲ.

“ಅಕ್ಕಾ, ಈ ಮನೆಯ ಕೆಲಸ ಎಂತದು?”

“ಅದೆಂತ ಕೇಳುವುದು ತಮ್ಮಾ? ಬಂದವನನ್ನು ತಡೆಯುವುದು.”

“ಆಮೇಲೆ?”

ಅಕ್ಕ ನೆಲ ನೋಡಿದಳು. “ನೆರಳು ಕಾಲಡಿಗೆ ಬಂದ ಮೇಲೆ ಬಿಡುವುದು.”

“ಇಷ್ಟು ದಿನದಲ್ಲಿ ಒಮ್ಮೆಯಾದರೂ ಬಿಟ್ಟಿರೋ?”

“ಬಂದವನೇ ಬೇಕು ಅಂದದ್ದು ನೀನು.” ಅಕ್ಕ ತಲೆ ಎತ್ತಿದಳು. “ದಿನಕ್ಕೊಬ್ಬ ಬಂದವನನ್ನು ನಾನೆಲ್ಲಿಂದ ತರಲಿ? ನಗಾಡಿಕೊಂಡು ಬಂಡೆ ಸುತ್ತಿ ಬರ್ತಿದ್ದರು, ನಗಾಡಿಕೊಂಡೇ ಹೋಗ್ತಿದ್ದರು. ನಿನಗೆ ಅದು ಸಾಲಲಿಲ್ಲ.”

ಆ ಮಾತು ಸರಿಯಾದ ಜಾಗಕ್ಕೇ ಬಿತ್ತು. ನೋಡುವವನು ಅದನ್ನು ತಳ್ಳಲಿಲ್ಲ. ಹಡಗು ಎರಡನೆಯ ಸಲ ಕೂಗಿತು.

“ನಡೆದಿಲ್ಲ,” ಎಂದ.

ಕ್ರೇನಿನ ಸರಪಳಿ ಗಲಗಲ ಎಂದಿತು. ಜನ ಒಂದೇ ಬಾಯಿಯಾಗಿ ಕೂಗಿದರು. ಒಳಗೆ ಮನುಷ್ಯ ಇದ್ದಾನೆ, ಅಗುಳಿ ಬಿದ್ದಿದೆ, ಗುದ್ದುವುದು ಕಿವಿಗೆ ಕೇಳುತ್ತಾ ಉಂಟು, ಹೇಗೆ ನಡೆದಿಲ್ಲ?

“ತಡೆದದ್ದು ನಡೆದಿದೆ. ಬಿಟ್ಟದ್ದು ನಡೆದಿಲ್ಲ. ಹಿಡಿದು ಬಿಡದೆ ಇಡುವುದು ಬೇರೆ ಮನೆಯ ಕೆಲಸ. ಆ ಮನೆಯನ್ನು ನಮ್ಮ ಹಿರಿಯರು ಈ ಧಕ್ಕೆಯ ಮೇಲೆ ಕಟ್ಟಿರಲಿಲ್ಲ.”

ಬಂದರಿನವನು ನಿಧಾನವಾಗಿ ಹತ್ತಿರ ಬಂದ. “ಒಳ್ಳೆಯ ಮಾತು. ಹಾಗಾದರೆ ನಿನ್ನೆಯೂ ನಡೆದಿರಲಿಲ್ಲ?”

“ಇರಲಿಲ್ಲ.”

“ನೀವು ನಡೆದಿದೆ ಎಂದಿರಿ.”

“ಎಂದೆ. ಸುಳ್ಳು.”

ಬಂದರಿನವನು ತಲೆ ಬಾಗಿಸಿದ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಹಗ್ಗದವನ ತಲೆ ಅವನಿಗಿಂತ ಚುರುಕು. ಅವನು ಧಕ್ಕೆಯ ಗೂಟದ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟಿದ.

“ಕೇಳಿದಿರಾ! ಸುಳ್ಳು ನುಡಿದೆ ಅಂತ ಅವನ ಬಾಯಲ್ಲೇ ಬಂತು! ಸುಳ್ಳು ನುಡಿದ ನೋಡುವವನಿಗೆ ಮತ್ತೆ ಮಾತುಂಟಾ? ಇಲ್ಲ! ಹಾಗಾದರೆ ಈಗ ಹೇಳಿದ್ದು? ಅದೂ ಮಾತಲ್ಲ! ಮನೆ ಬೀಳುವುದಿಲ್ಲ!”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಧಕ್ಕೆ ಅದುರುವ ಹಾಗೆ ಕೇಕೆ ಎದ್ದಿತು. ಹಗ್ಗದವನನ್ನು ಹೆಗಲ ಮೇಲೆ ಎತ್ತಿದರು. ನೀನೇ ನೋಡು, ನೀನೇ ಹೇಳು ಎಂದು ಅವನನ್ನು ಸರಳಿನ ತನಕ ಹೊತ್ತು ತಂದರು. ಅವನು ಒಳಗೆ ಇಣುಕಿದ. ಒಳಗಿದ್ದವನ ಕಣ್ಣು ಅವನ ಕಣ್ಣಿಗೆ ಸಿಕ್ಕಿರಬೇಕು. ಮುಖ ಬೇಗ ಹಿಂದೆ ತೆಗೆದ.

“ನಡೆದಿದೆ!”

ಸರಪಳಿ ಮೇಲೆ ಹೋಯಿತು. ಹೀಗೆ ಬಿಗಿ ಮನುಷ್ಯನ ಕೈಯಲ್ಲಿ ಏನೂ ಉಳಿಯಲಿಲ್ಲ. ಇದ್ದ ಒಂದು ಮಾತನ್ನು ನಿಜ ಹೇಳಿ ಕಳೆದುಕೊಂಡಿದ್ದ. ಅವನು ಈಗ ಧಕ್ಕೆಯ ಮೇಲಿನ ಒಬ್ಬ ಮುದಿ ಗಂಡಸು, ಅಷ್ಟೆ. ಜನ ಅವನನ್ನು ಮರೆತು ಕುಣಿಯುತ್ತಿದ್ದರು. ಒಳಗೆ ಗುದ್ದುವ ಸದ್ದು ನಿಂತಿತ್ತು.

ಆಗ ಅವನಿಗೆ ಹೊಳೆಯಿತು: ಮಾತು ಹೋದವನಿಗೆ ಮಾತಿನ ಕಟ್ಟಳೆಯೂ ಇಲ್ಲ.

ಬೆನ್ನ ಹಿಂದಿನ ಕೈಗಳನ್ನು ಅವನು ಮುಂದೆ ತಂದ. ಅವು ಬೇರೆ ಯಾರದೋ ಕೈಗಳ ಹಾಗೆ ಬೆಳ್ಳಗಿದ್ದವು. ಬಾಗಿಲಿಗೆ ಹೋಗಿ ಅಗುಳಿಯನ್ನು ಹಿಡಿದು ಎತ್ತಿದ. ಅದು ಏಳಲಿಲ್ಲ. ಹಡಗಿನ ಅಡಿಮರದಿಂದ ಮಾಡಿದ ಅಗುಳಿ. ಒಂದು ಮೂಟೆಯನ್ನೂ ಹಿಡಿಯದ ಕೈಗೆ ಅದು ಏಳುವುದುಂಟೆ? ಉಗುರು ಮುರಿಯಿತು. ಮತ್ತೆ ಎತ್ತಿದ.

“ತಮ್ಮಾ, ಬೇಡ.” ಅಕ್ಕ ಅಡ್ಡ ಬಂದಿದ್ದಳು. “ಇದು ಹೋದರೆ ನಾನೆಲ್ಲಿಗೆ ಹೋಗಲಿ? ನನಗೆ ಈ ಮಾಡು ಬಿಟ್ಟರೆ ಮಾಡಿಲ್ಲ.”

“ಗೊತ್ತು ಅಕ್ಕಾ.”

“ಗೊತ್ತಿದ್ದೂ ತೆಗೀತೀಯಾ?”

“ಗೊತ್ತಿದ್ದೂ.”

ಅವನ ಬೆರಳಿನಿಂದ ರಕ್ತ ಅಗುಳಿಯ ಮೇಲೆ ಇಳಿಯುತ್ತಿತ್ತು. ಅಕ್ಕ ಅದನ್ನು ನೋಡಿದಳು. ನೆಲದ ಮೇಲಿನ ತನ್ನ ನೆರಳನ್ನು ನೋಡಿದಳು. ಅದು ಕುಗ್ಗಿ ಕಾಲಡಿಗೆ ಬಂದಿತ್ತು. ಸರಳಿಗೆ ಮುಖ ಹಚ್ಚಿದಳು.

“ಏ ಮಗಾ, ಬಾ ಇಲ್ಲಿ. ಕಣ್ಣು ತೋರಿಸು. ನಾಲಿಗೆ ತೋರಿಸು.” ಖಲಾಸಿ ತೋರಿಸಿದ. ಅವಳು ಆತುರಪಡಲಿಲ್ಲ, ತಾಯಿ ಕಲಿಸಿದ ಹಾಗೆ, ತಾಯಿಗೆ ಅವಳ ತಾಯಿ ಕಲಿಸಿದ ಹಾಗೆ ನೋಡಿದಳು. “ಜ್ವರ ಇಲ್ಲ,” ಎಂದಳು. ಅಗುಳಿಯ ಇನ್ನೊಂದು ತುದಿಗೆ ಭುಜ ಕೊಟ್ಟಳು.

ಅಗುಳಿ ಎದ್ದಿತು.

ಬಾಗಿಲು ತೆರೆದ ಸದ್ದಿಗೆ ಜನ ತಿರುಗುವಷ್ಟರಲ್ಲಿ ಖಲಾಸಿ ಅವರ ನಡುವೆಯೇ ನುಗ್ಗಿ ಓಡಿದ್ದ. ಕೈ ಮುಗಿಯಲಿಲ್ಲ, ಹಿಂದೆ ನೋಡಲಿಲ್ಲ. “ಗಂಜಿ! ಗಂಜಿ ಕುಡಿದು ಹೋಗು!” ಎಂದು ಅಕ್ಕ ಬಟ್ಟಲು ಹಿಡಿದು ಧಕ್ಕೆಯ ಮೆಟ್ಟಿಲ ತನಕ ಓಡಿದಳು. ಅವನ ದೋಣಿ ಆಗಲೇ ಅಲೆಯ ಮೇಲಿತ್ತು. ಹಡಗು ಮೂರನೆಯ ಸಲ ಕೂಗಿತು. ಎಲ್ಲರೂ ನೋಡುತ್ತಿದ್ದಂತೆಯೇ ಇರುವೆಯಷ್ಟು ಚಿಕ್ಕ ಮನುಷ್ಯನೊಬ್ಬ ಹಡಗಿನ ಪಕ್ಕೆಯ ಏಣಿ ಹಿಡಿದ, ಹತ್ತಿದ, ಒಳಗೆ ಬಿದ್ದ. ಹೊಗೆ ಎದ್ದಿತು.

ಜನ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ತಡೆಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಯಾರೂ ಇರಲಿಲ್ಲ. ಅಕ್ಕ ಪಾತ್ರೆ, ಚಾಪೆಗಳನ್ನು ಗಂಟು ಕಟ್ಟಿ ಹೊಸಿಲ ಮೇಲೆ ಕೂತಿದ್ದಳು. ಊರೆಲ್ಲ ನೆರೆದಿತ್ತು. ಕ್ರೇನಿನ ಕೊಕ್ಕೆ ಕಮಾನಿನ ನೆತ್ತಿಯ ಮೇಲೆ ತೂಗುತ್ತಿತ್ತು. ಹಳೆಯ ನೋಡುವವನು ಜನರ ಹಿಂದೆ, ಬಟ್ಟೆ ಸುತ್ತಿದ ಬೆರಳುಗಳ ಕೈ ಇಳಿಬಿಟ್ಟು ನಿಂತಿದ್ದ. ಹೊಸ ನೋಡುವವನಾದ ಹಗ್ಗದವನು ಬಂದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಖಾಲಿ ಕೋಣೆಯನ್ನು ನೋಡಿದ. ಸುಣ್ಣ ಹೊಡೆದ ಕಮಾನುಗಳನ್ನು ನೋಡಿದ. ಜನರನ್ನು ನೋಡಿದ, ಒಂದು ಕಣ್ಣೂ ಅವನ ಮೇಲಿನಿಂದ ಕದಲಲಿಲ್ಲ.

“ನಡೆದಿದೆ,” ಎಂದ.

ಊರು ಉಸಿರು ಬಿಟ್ಟಿತು.

“ಯಾರೂ ಇಲ್ಲವಲ್ಲ ಮಗಾ ಒಳಗೆ?” ಎಂದಳು ಅಕ್ಕ.

“ಉಂಟು ಅಕ್ಕಾ. ನಾನು ನೋಡಿದೆ. ನೀವು ಆರಾಮ ಇಲ್ಲೇ ಕೂತುಕೊಳ್ಳಿ, ಇನ್ನು ನಿಮಗೆ ಎಂತ ಕೆಲಸವೂ ಇಲ್ಲ.”

ಅಕ್ಕ ಜನರ ಮುಖಗಳನ್ನು ಒಂದೊಂದಾಗಿ ನೋಡಿದಳು. ಗಂಟು ಎತ್ತಲು ಬಾಗಿದಳು. ಹಳೆಯ ನೋಡುವವನು ಜನರ ನಡುವಿನಿಂದ ಬಂದು ಗಂಟಿನ ಇನ್ನೊಂದು ಕಿವಿ ಹಿಡಿದ.

“ನನ್ನ ಮನೆಯಲ್ಲಿ ಒಂದು ಕೋಣೆ ಉಂಟು,” ಎಂದ.

“ಅಗುಳಿ ಒಳಗಿನಿಂದಲೋ ಹೊರಗಿನಿಂದಲೋ?”

“ಒಳಗಿನಿಂದ.”

ಬಂದರಿನವನು ಸಿಟ್ಟಾಗುತ್ತಾನೆಂದು ಎಲ್ಲರೂ ಕಾದಿದ್ದರು. ಅವನು ಸಿಟ್ಟಾಗಲಿಲ್ಲ; ಇನ್ನು ಇಡೀ ಊರು ನಿಂತದ್ದು ಸುಳ್ಳು ನುಡಿದವನ ಮಾತಿನ ಮೇಲೆ ಎಂದು ಅವನಿಗೆ ಗೊತ್ತಿತ್ತು. ಖಾಲಿ ಕೋಣೆಗೆ ಒಮ್ಮೆ ಇಣುಕಿ, ಮುಗುಳ್ನಕ್ಕು, ಹೊಸ ನೋಡುವವನ ಹೆಗಲ ಮೇಲೆ ಕೈ ಇಟ್ಟ. “ಬಾ ತಮ್ಮಾ, ಬಿಸಿಲಾಗುವ ಮುಂಚೆ ಉಳಿದದ್ದನ್ನೂ ಮುಗಿಸುವಾ” ಎಂದ. ಇಬ್ಬರೂ ಜೊತೆಯಾಗಿ ಕೆಂಪು ಧೂಳಿನೊಳಗೆ ನಡೆದರು. ಅಕ್ಕನೂ ಹಳೆಯ ನೋಡುವವನೂ ಗಂಟು ಹೊತ್ತು ಮೇಲಿನ ಬೀದಿ ಏರುತ್ತಿದ್ದಾಗ ಕೆಳಗಿನಿಂದ ಹೊಸ ನೋಡುವವನ ದನಿ ಕೇಳುತ್ತಿತ್ತು. ತೂಕದ ಕೂಗು ಇನ್ನೂ ಎದ್ದಿರಲಿಲ್ಲ, ನಡೆದಿದೆ. ಮಂಜುಗಡ್ಡೆಯ ಮನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ, ನಡೆದಿದೆ. ಹಗ್ಗದ ಮನೆಯಲ್ಲಿ ಹಗ್ಗ ಹೊಸೆಯುವವನೇ ಇರಲಿಲ್ಲ. ಅದರ ಮುಂದೆ ಆ ದನಿ ನಿಲ್ಲಲೂ ಇಲ್ಲ, ನಡೆಯುತ್ತ ನಡೆಯುತ್ತಲೇ ಹೇಳಿತು. ಆ ದಿನ ಊರಿನ ಒಂದು ಕಲ್ಲೂ ಕಡಲಿಗೆ ಬೀಳಲಿಲ್ಲ.